ಚಳಿಯ ಜಂಗುಳಿಯಲ್ಲಿ ಮೊಬೈಲು

ಅಮೆರಿಕದ ಅಧ್ಯಕ್ಷ ಯುಲಿಸಿಸ್ ಗ್ರ್ಯಾಂಟ್ ಎರಡನೆಯ ಸಲ ಪ್ರಮಾಣವಚನ ಸ್ವೀಕರಿಸಿದ್ದು 1873ರ ಮಾರ್ಚ್ 4ರಂದು. ಆ ಮಧ್ಯಾಹ್ನ ವಾಷಿಂಗ್ಟನ್‌ನಲ್ಲಿ ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಿತ್ತು. ರಾತ್ರಿಯ ನೃತ್ಯಕೂಟಕ್ಕೆಂದು ಹಾಕಿದ್ದ ತಾತ್ಕಾಲಿಕ ಕಟ್ಟಡದಲ್ಲಿ ಅತಿಥಿಗಳ ಕಿವಿಗೆ ಇಂಪಾಗಲಿ ಎಂದು ಕ್ಯಾನರಿ ಹಕ್ಕಿಗಳ ಪಂಜರಗಳನ್ನು ತೂಗುಹಾಕಿದ್ದರು. ಬಂದವರು ಕೋಟು ಬಿಚ್ಚದೆಯೇ ಕುಣಿದರು. ನೂರರಷ್ಟು ಹಕ್ಕಿಗಳು ಮಾತ್ರ ಹಾಡುವ ಬದಲು ಸೆಟೆದು ಸತ್ತವು.

ಈ ಸಮಾರಂಭಕ್ಕೂ ಚಳಿಗೂ ಇರುವ ನಂಟು ಹಳೆಯದು. ಮೊದಲು ಮಾರ್ಚ್ 4ಕ್ಕೆ ನಡೆಯುತ್ತಿದ್ದ ಪ್ರಮಾಣವಚನವನ್ನು 1933ರ ಸಂವಿಧಾನ ತಿದ್ದುಪಡಿ ಜನವರಿ 20ಕ್ಕೆ, ಅಂದರೆ ಚಳಿಗಾಲದ ನಡುಮಧ್ಯಕ್ಕೆ, ತಂದು ಕೂರಿಸಿತು. ಹೊಸ ಅಧ್ಯಕ್ಷ ಬೇಗ ಅಧಿಕಾರ ವಹಿಸಿಕೊಳ್ಳಲಿ ಎಂಬ ಆಲೋಚನೆಯೇನೋ ಸರಿ. ಬಯಲಲ್ಲಿ ನಿಲ್ಲುವವರ ಕೈಕಾಲಿನ ಗತಿಯೇನು ಎಂದು ಯಾರೂ ಕೇಳಿದಂತಿಲ್ಲ. 1985ರಲ್ಲಿ ರೊನಾಲ್ಡ್ ರೇಗನ್ ಎರಡನೆಯ ಅವಧಿಗೆ ಬಂದಾಗ ಮಧ್ಯಾಹ್ನದ ಉಷ್ಣಾಂಶ ಸೊನ್ನೆಗಿಂತ 14 ಡಿಗ್ರಿ ಕೆಳಗಿತ್ತು. ಮೆರವಣಿಗೆ ರದ್ದಾಯಿತು, ಸಮಾರಂಭ ಸಂಸತ್ ಭವನದ ಗುಮ್ಮಟದಡಿಗೆ ಸರಿಯಿತು.

ಆ ಬಯಲಿಗೆ ಕಾಲಕಾಲಕ್ಕೆ ಹೊಸ ಯಂತ್ರಗಳೂ ಬಂದವು. 1857ರ ಪ್ರಮಾಣವಚನದ ಫೋಟೊ ಸಿಕ್ಕಿದೆ. 1925ರಲ್ಲಿ ರೇಡಿಯೊ, 1949ರಲ್ಲಿ ಟೆಲಿವಿಷನ್. ಇವೆಲ್ಲ ಮನೆಯಲ್ಲಿ ಬೆಚ್ಚಗೆ ಕೂತವರಿಗಾಗಿ ಬಂದವು. ನಿಂತು ನೋಡುತ್ತಿದ್ದವರ ಕೈಯೊಳಗೇ ಯಂತ್ರವೊಂದು ಬಂದದ್ದು ಎಷ್ಟೋ ಕಾಲದ ಮೇಲೆ. ಅದಕ್ಕೆ ಚಳಿಯ ಅಭ್ಯಾಸವೂ ಇರಲಿಲ್ಲ, ಜಂಗುಳಿಯ ಅಭ್ಯಾಸವೂ ಇರಲಿಲ್ಲ.

2009ರ ಜನವರಿ 20. ಬರಾಕ್ ಒಬಾಮ ಪ್ರಮಾಣವಚನ ಸ್ವೀಕರಿಸುವುದನ್ನು ನೋಡಲು ಸುಮಾರು 18 ಲಕ್ಷ ಜನ ಸೇರಿದ್ದರೆಂಬುದು ಎಲ್ಲರೂ ಉಲ್ಲೇಖಿಸುವ ಅಂದಾಜು. ಸಂಸತ್ ಭವನದಿಂದ ಲಿಂಕನ್ ಸ್ಮಾರಕದವರೆಗಿನ ಇಡೀ ಬಯಲನ್ನು ಜನರಿಗೆ ಬಿಟ್ಟುಕೊಟ್ಟಿದ್ದರು. ಬೆಳಕು ಹರಿಯುವ ಮೊದಲೇ ಮೆಟ್ರೊ ರೈಲುಗಳು ಕಿಕ್ಕಿರಿದವು. ಆ ಒಂದೇ ದಿನ ಅವು 11 ಲಕ್ಷಕ್ಕೂ ಹೆಚ್ಚು ಪ್ರಯಾಣ ಕಂಡವು. ಮಧ್ಯಾಹ್ನದ ಹೊತ್ತಿಗೆ ಶೂನ್ಯಕ್ಕಿಂತ ಎರಡು ಡಿಗ್ರಿ ಕೆಳಗಿನ ಚಳಿ. ಯೊ ಯೊ ಮಾ, ಇಟ್‌ಜಾಕ್ ಪರ್ಲ್‌ಮನ್ ಮೊದಲಾದ ನಾಲ್ವರು ಮಹಾ ವಾದಕರು ವೇದಿಕೆಯ ಮೇಲೆ ನುಡಿಸಿದರು. ಆದರೆ ಧ್ವನಿವರ್ಧಕದಲ್ಲಿ ಜನ ಕೇಳಿದ್ದು ಎರಡು ದಿನ ಮುಂಚೆ ಮುದ್ರಿಸಿಟ್ಟ ಸಂಗೀತವನ್ನು. ಅಂಥ ಚಳಿಯಲ್ಲಿ ತಂತಿವಾದ್ಯದ ಶ್ರುತಿ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ವಾದಕರಂತೆ ಮೊಬೈಲ್ ಕಂಪನಿಗಳೂ ಮುಂಚೆಯೇ ಎಚ್ಚರವಹಿಸಿದ್ದವು. ಗಾಲಿಗಳ ಮೇಲಿನ ತಾತ್ಕಾಲಿಕ ಟವರುಗಳನ್ನು ತಂದು ನಿಲ್ಲಿಸಿದವು. ಜೊತೆಗೆ ಗ್ರಾಹಕರಲ್ಲಿ ಒಂದು ವಿಚಿತ್ರ ವಿನಂತಿ ಮಾಡಿಕೊಂಡವು: ಆದಷ್ಟು ಕರೆ ಮಾಡಬೇಡಿ, ಮೆಸೇಜು ಕಳಿಸಿ, ಫೋಟೊ ತೆಗೆಯಿರಿ, ಆದರೆ ಮನೆಗೆ ಹೋದ ಮೇಲೆ ಕಳಿಸಿ. ಕೊಂಡ ವಸ್ತುವನ್ನು ಬಳಸಬೇಡಿರೆಂದು ಮಾರಿದವರೇ ಬೇಡಿಕೊಂಡ ಪ್ರಸಂಗ ಇದು.

ವಿನಂತಿಯ ಹಿಂದಿನ ಲೆಕ್ಕ ಸರಳ. ಒಂದು ಟವರು ಏಕಕಾಲಕ್ಕೆ ಇಷ್ಟೇ ಕರೆಗಳನ್ನು ನಿಭಾಯಿಸಬಲ್ಲದು. ಮೈಸೂರಿನಲ್ಲಿ ಜಂಬೂಸವಾರಿಯ ದಿನ ಮನೆಯವರ ಕೈತಪ್ಪಿಸಿಕೊಂಡು ಮೊಬೈಲು ತೆಗೆದವರಿಗೆ ಇದು ಗೊತ್ತಿರುತ್ತದೆ: ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿವೆ, ಕರೆ ಮಾತ್ರ ಹೋಗುವುದಿಲ್ಲ. ಟವರು ಹತ್ತಿರ ಇದೆ ಎಂದಷ್ಟೇ ಆ ಕಡ್ಡಿಗಳು ಹೇಳುತ್ತವೆ, ಅದರಲ್ಲಿ ಜಾಗವಿದೆ ಎಂದಲ್ಲ. ಚಿಕ್ಕ ಮೆಸೇಜಿನ ದಾರಿಯೇ ಬೇರೆ. ಅದು ಮಾತಿನ ಕಾಲುವೆಗೆ ಕಾಯದೆ ಟವರಿಗೂ ಫೋನಿಗೂ ನಡುವಿನ ಸೂಚನೆಗಳ ಸಂದಿಯಲ್ಲಿ ನುಸುಳುತ್ತದೆ. ಆಗದಿದ್ದರೆ ಸರದಿಯಲ್ಲಿ ಕಾದು ಆಮೇಲೆ ತಲುಪುತ್ತದೆ.

ಆ ದಿನದ ಜನಸಾಗರದಲ್ಲಿ ಪಾಡು ಪಟ್ಟವರು ನೇರಳೆ ಬಣ್ಣದ ಟಿಕೆಟ್ಟಿನವರು. ಸಂಸತ್ ಭವನದ ಹತ್ತಿರವೇ ನಿಲ್ಲುವ ಭಾಗ್ಯ ಅವರದಾಗಿತ್ತು. ಬದಲಿಗೆ ಸಾವಿರಾರು ಜನ ಮೂರನೆಯ ಬೀದಿಯ ಸುರಂಗದಲ್ಲಿ ಗಂಟೆಗಟ್ಟಲೆ ಸಾಲುಗಟ್ಟಿ ನಿಂತರು. ಅನೇಕರಿಗೆ ಒಳಗೆ ಪ್ರವೇಶವೇ ಸಿಗಲಿಲ್ಲ. ಮನೆಗೆ ಮರಳಿದವರು ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿಕೊಂಡು ಸಿಟ್ಟನ್ನು ಹಂಚಿಕೊಂಡರು. ಆ ಸುರಂಗಕ್ಕೆ ‘ವಿನಾಶದ ನೇರಳೆ ಸುರಂಗ’ ಎನ್ನುವಂಥ ಅಡ್ಡಹೆಸರೂ ಅಂಟಿತು. ಸಾಲಿನಲ್ಲಿ ನಿಂತಾಗ ಕೆಲಸಕ್ಕೆ ಬಾರದ ಮೊಬೈಲು ದೂರು ಹೇಳಲು ಚೆನ್ನಾಗಿ ಒದಗಿತು.

ಅಂದಿನ ಬಹುಪಾಲು ಮೊಬೈಲುಗಳು ಗುಂಡಿಯವು, ಮಡಚುವಂಥವು ಎನ್ನುವುದನ್ನು ನೆನಪಿಡಬೇಕು. ಐಫೋನು ಮಾರುಕಟ್ಟೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಗುಂಡಿಯ ಫೋನಿಗೆ ಚಳಿಗಾಲದಲ್ಲಿ ಒಂದು ದೊಡ್ಡ ಅನುಕೂಲವಿತ್ತು: ದಪ್ಪ ಕೈಗವಸು ತೊಟ್ಟೇ ಒತ್ತಬಹುದಿತ್ತು. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಸ್ಟೈಲಸ್ ಎಂಬ ಕಡ್ಡಿಯನ್ನು ಗೇಲಿ ಮಾಡಿ, ನಮಗೆ ಹುಟ್ಟಿನಿಂದಲೇ ಬಂದಿರುವ ಬೆರಳೇ ಸಾಕು ಎಂಬ ಅರ್ಥದ ಮಾತು ಹೇಳಿದರು. ಹಿಮ ಬೀಳುವುದೇ ಅಪರೂಪವಾದ ಕ್ಯಾಲಿಫೋರ್ನಿಯ ಕರಾವಳಿಯಲ್ಲಿ ಅದು ಒಪ್ಪುವ ಮಾತು. ಬೆಚ್ಚಗಿನ ಕೋಣೆಯಲ್ಲಿ ಒಬ್ಬನೇ ಕೂತವನ ಬರಿಗೈಗೆ ಹೊಂದುವ ಫೋನು ಹುಟ್ಟಿತು. ಅದಕ್ಕೆ ಬೀದಿಯ ಚಳಿ ಕಲಿಸಿದ್ದು ಬೀದಿಯ ಜನ.

ಹೊಸ ಪರದೆಯ ಗುಟ್ಟು ವಿದ್ಯುತ್ತಿನದು. ಗಾಜಿನ ಕೆಳಗೆ ಸಣ್ಣ ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ನೀರು, ಉಪ್ಪು ತುಂಬಿದ ಬೆರಳು ತಾಗಿದಾಗ ಅದರಲ್ಲಿ ಏರುಪೇರಾಗುತ್ತದೆ; ಆಗ ಎಲ್ಲಿ ತಾಗಿತೆಂದು ಫೋನಿಗೆ ತಿಳಿಯುತ್ತದೆ. ಇಂಥ ಪರದೆಯ ಕಲ್ಪನೆಯನ್ನು ಇಂಗ್ಲೆಂಡಿನ ಮಾಲ್ವರ್ನ್‌ನ ರೇಡಾರ್ ಸಂಶೋಧನಾಲಯದಲ್ಲಿ ಎರಿಕ್ ಜಾನ್ಸನ್ 1965ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಉಣ್ಣೆಯೋ ಚರ್ಮವೋ ನಡುವೆ ಬಂದರೆ ಬೆರಳು ಪರದೆಯ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಚಳಿನಾಡಿನ ಜನ ಬಸ್‌ಸ್ಟಾಪಿನಲ್ಲಿ, ಮೆರವಣಿಗೆಯಲ್ಲಿ, ಹೊಸವರ್ಷದ ಜಾತ್ರೆಯಲ್ಲಿ ಕೈಗವಸು ಕಳಚುವುದು, ಬೆರಳು ಮರಗಟ್ಟುವುದು, ಮತ್ತೆ ತೊಡುವುದು ಎಂಬ ಹೊಸ ಶಿಕ್ಷೆಗೆ ಸಿಕ್ಕಿಬಿದ್ದರು.

ಪರಿಹಾರಗಳಲ್ಲಿ ಅತ್ಯಂತ ರುಚಿಕಟ್ಟಾದದ್ದು ದಕ್ಷಿಣ ಕೊರಿಯದ್ದು. ಐಫೋನು ಆ ದೇಶಕ್ಕೆ ಕಾಲಿಟ್ಟದ್ದು 2009ರ ನವೆಂಬರ್ ಕೊನೆಯಲ್ಲಿ, ಸರಿಯಾಗಿ ಚಳಿಗಾಲ ಶುರುವಾಗುವಾಗ. 2010ರ ಫೆಬ್ರುವರಿಗೆ ಸುದ್ದಿ ಹೊರಬಿತ್ತು: ಅಂಗಡಿಯಲ್ಲಿ ಸಿಗುವ ಬೆರಳುಗಾತ್ರದ ಸಾಸೇಜನ್ನು ಜನ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆಯೇ ಹಿಡಿದು ಪರದೆಯನ್ನು ಒತ್ತುತ್ತಿದ್ದಾರೆ, ಸಾಸೇಜಿನ ಮಾರಾಟ ಏರಿದೆ. ಮಾಂಸದಲ್ಲೂ ನೀರು, ಉಪ್ಪು ಇರುವುದರಿಂದ ಅದೂ ಪರದೆಗೆ ಬೆರಳೇ. ಜಾಬ್ಸ್ ಗೇಲಿ ಮಾಡಿದ ಕಡ್ಡಿ ಮೂರು ವರ್ಷದಲ್ಲಿ ತಿನ್ನುವ ರೂಪದಲ್ಲಿ ಮರಳಿತು.

ಬೆರಳತುದಿಗೆ ಬೆಳ್ಳಿ ಲೇಪದ ದಾರ ನೇಯ್ದ ಕೈಗವಸುಗಳು ಅದೇ ಸುಮಾರಿಗೆ ಅಂಗಡಿಗಳನ್ನು ತುಂಬಿದವು. ಫೋನು ತಯಾರಕರು ಎಚ್ಚತ್ತದ್ದು ಆಮೇಲೆ. 2012ರಲ್ಲಿ ನೋಕಿಯಾ ಕಂಪನಿಯ ಲೂಮಿಯಾ 920 ಕೈಗವಸಿನ ಬೆರಳನ್ನೂ ಗುರುತಿಸುವ ಪರದೆಯೊಂದಿಗೆ ಬಂತು. ನೋಕಿಯಾ ಹಿಮದ ನಾಡಾದ ಫಿನ್ಲೆಂಡಿನ ಕಂಪನಿ! ಆದರೂ ಆ ಹೊತ್ತಿಗೆ ಮಾರುಕಟ್ಟೆ ಅದರ ಕೈತಪ್ಪಿ ಹೋಗುತ್ತಿತ್ತು.

ಬೆರಳಿನ ಕಥೆ ಹೀಗೆ ಮುಗಿದರೂ ಬ್ಯಾಟರಿಯದು ಮುಗಿಯಲಿಲ್ಲ. ಲಿಥಿಯಂ ಬ್ಯಾಟರಿಯೊಳಗಿನ ದ್ರವದಲ್ಲಿ ಅಯಾನುಗಳು ಓಡಾಡಬೇಕು. ಚಳಿ ಹೆಚ್ಚಿದಂತೆ ಆ ಓಡಾಟ ನಿಧಾನವಾಗಿ ಒಳಗಿನ ತಡೆ ಏರುತ್ತದೆ. ಅದೇ ಹೊತ್ತಿಗೆ ಕ್ಯಾಮೆರಾ ತೆರೆದರೆ, ಅಥವಾ ತುಂಬಿಹೋದ ಟವರನ್ನು ಫೋನು ಮತ್ತೆ ಮತ್ತೆ ಕೂಗಿದರೆ, ವೋಲ್ಟೇಜು ಒಮ್ಮೆಗೇ ಕುಸಿದು ಪರದೆ ಕಪ್ಪಾಗುತ್ತದೆ. ಜೇಬಲ್ಲಿಟ್ಟು ಬೆಚ್ಚಗಾದ ಮೇಲೆ ತೆರೆದರೆ ಚಾರ್ಜು ಇನ್ನೂ ಉಳಿದೇ ಇರುತ್ತದೆ. ಐಫೋನನ್ನು ಸೊನ್ನೆಯಿಂದ 35 ಡಿಗ್ರಿಯೊಳಗೆ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ಒಬಾಮ ಪ್ರಮಾಣವಚನದ ದಿನದ ವಾಷಿಂಗ್ಟನ್ ಆ ಗೆರೆಯ ಆಚೆಗಿತ್ತು. 2017ರ ಡಿಸೆಂಬರಿನಲ್ಲಿ, ಹಳೆಯ ಬ್ಯಾಟರಿಯ ಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಅವುಗಳ ವೇಗವನ್ನೇ ತಗ್ಗಿಸಿದ್ದಾಗಿ ಅದೇ ಕಂಪನಿ ಒಪ್ಪಿಕೊಂಡಿತು. ಕೊಟ್ಟ ಕಾರಣಗಳಲ್ಲಿ ಚಳಿಯೂ ಒಂದು. ಆ ತಿಂಗಳ ಕೊನೆಗೆ ಕ್ಷಮೆಯನ್ನೂ ಕೇಳಿ, ಬ್ಯಾಟರಿ ಬದಲಾವಣೆಯ ದರ ಇಳಿಸಿತು.

ಚಳಿಗೆ ಹೆದರದ ಅಪಾಯವೊಂದು ಕೀವ್ ನಗರದಲ್ಲಿ ಕಾಣಿಸಿತು. ಸರ್ಕಾರದ ವಿರುದ್ಧ ನಡೆದ ಉಕ್ರೇನಿನ ಮೈದಾನ ಚಳವಳಿ 2013ರ ನವೆಂಬರ್ 21ರ ರಾತ್ರಿ ಪತ್ರಕರ್ತ ಮುಸ್ತಫಾ ನಯೀಮ್ ಫೇಸ್‌ಬುಕ್ಕಿನಲ್ಲಿ ಹಾಕಿದ ಕರೆಯಿಂದ ಆರಂಭವಾಯಿತೆನ್ನುತ್ತಾರೆ. ಜನ ಹಿಮದಲ್ಲಿ ಡೇರೆ ಹಾಕಿ, ಡ್ರಮ್ಮುಗಳಲ್ಲಿ ಸೌದೆ ಉರಿಸಿ ತಿಂಗಳುಗಟ್ಟಲೆ ಕೂತರು. ಪ್ರತಿಭಟನೆಗೆ ಮೂಗುದಾರ ಹಾಕುವ ಕಾನೂನು ಜಾರಿಗೆ ಬರುತ್ತಿದ್ದ 2014ರ ಜನವರಿ 21ರ ಹೊತ್ತಿಗೆ, ಘರ್ಷಣೆ ನಡೆದಿದ್ದ ಬೀದಿಯ ಸುತ್ತ ಇದ್ದವರ ಮೊಬೈಲಿಗೆ ಒಂದು ಮೆಸೇಜು ಬಂತು: ನೀವು ಗಲಭೆಯಲ್ಲಿ ಭಾಗವಹಿಸಿದವರೆಂದು ನೋಂದಣಿಯಾಗಿದೆ ಎಂಬುದು ಅದರ ಸಾರ. ಕಳಿಸಿದವರು ತಾವಲ್ಲ ಎಂದು ಮೊಬೈಲ್ ಕಂಪನಿಗಳು ಹೇಳಿದವು. ಟವರಿನಂತೆ ನಟಿಸಿ ಸುತ್ತಲಿನ ಫೋನುಗಳನ್ನು ಎಳೆದುಕೊಳ್ಳುವ ಯಂತ್ರದತ್ತ ಅನುಮಾನ ಹೋಯಿತು. ಹೆದರಿ ಮನೆಗೆ ಹೋಗಲಿ ಎಂಬುದು ಉದ್ದೇಶವಾಗಿದ್ದರೆ ಅದು ಫಲಿಸಲಿಲ್ಲ. ಮರುತಿಂಗಳು ಅಧ್ಯಕ್ಷ ಯಾನುಕೊವಿಚ್ ಅವರೇ ರಾಜಧಾನಿ ಬಿಟ್ಟು ಓಡಿದರು.

ದಕ್ಷಿಣ ಕೊರಿಯದ ಸೋಲ್ ನಗರ ಇಷ್ಟರಲ್ಲಿ ಸಾಸೇಜನ್ನು ಮರೆತು ಬಹಳ ಮುಂದೆ ಹೋಗಿತ್ತು. 2016ರ ಚಳಿಗಾಲದಲ್ಲಿ ಅಧ್ಯಕ್ಷೆ ಪಾರ್ಕ್ ಗನ್ ಹೇ ವಿರುದ್ಧ ಪ್ರತಿ ಶನಿವಾರ ಲಕ್ಷಾಂತರ ಜನ ಮೇಣದಬತ್ತಿ ಹಿಡಿದು ಸೇರುತ್ತಿದ್ದರು. ಮೇಣದಬತ್ತಿಯೆಂದರೆ ಗಾಳಿ ಬೀಸಿದರೆ ಆರಿಹೋಗುವಂಥದ್ದು ಎಂದು ಆಳುವ ಪಕ್ಷದ ಸಂಸದ ಕಿಮ್ ಜಿನ್ ತೇ ನವೆಂಬರಿನಲ್ಲಿ ಹಗುರವಾಗಿ ಮಾತಾಡಿದರು. ಮುಂದಿನ ಸಭೆಗಳಿಗೆ ಜನ ಎಲ್‌ಇಡಿ ಮೇಣದಬತ್ತಿ ತಂದರು, ಮೊಬೈಲಿನ ಪರದೆಯಲ್ಲಿ ಉರಿಯುವ ಬತ್ತಿಯ ಆ್ಯಪ್ ಹಾಕಿಕೊಂಡು ಬಂದರು. ಡಿಸೆಂಬರ್ 9ಕ್ಕೆ ಸಂಸತ್ತು ಮಹಾಭಿಯೋಗ ಅಂಗೀಕರಿಸಿತು. 2017ರ ಮಾರ್ಚ್ 10ಕ್ಕೆ ನ್ಯಾಯಾಲಯ ಅವರನ್ನು ಪದಚ್ಯುತಗೊಳಿಸಿತು.

ಎಂಟು ವರ್ಷದ ನಂತರ ಅದೇ ಊರು, ಅದೇ ಡಿಸೆಂಬರ್, ಬೇರೆ ಅಧ್ಯಕ್ಷ. 2024ರ ಡಿಸೆಂಬರ್ 3ರ ರಾತ್ರಿ ಯೂನ್ ಸುಕ್ ಯಲ್ ಸೇನಾ ಆಡಳಿತ ಘೋಷಿಸಿ ಬೆಳಗಾಗುವಷ್ಟರಲ್ಲಿ ಹಿಂದಕ್ಕೆ ಪಡೆದರು. ಸಂಸತ್ತಿನ ಮುಂದೆ ಸೇರಿದ ಯುವತಿಯರ ಕೈಯಲ್ಲಿ ಈ ಸಲ ಪಾಪ್ ಸಂಗೀತಗೋಷ್ಠಿಗಳ ಬೆಳಕಿನ ಕೋಲುಗಳಿದ್ದವು. ಮೊಬೈಲು ಅಷ್ಟರಲ್ಲಿ ಹೊಸದೊಂದು ಕೆಲಸ ಹಿಡಿದಿತ್ತು. ಬರಲಾಗದವರು, ಹೊರದೇಶದಲ್ಲಿದ್ದವರು ಕೂಡ, ಸಭೆಯ ಹತ್ತಿರದ ಕಾಫಿ ಅಂಗಡಿಗಳಿಗೆ, ಹೋಟೆಲುಗಳಿಗೆ ಫೋನಿನಿಂದಲೇ ಹಣ ಕಟ್ಟಿಟ್ಟು, ಚಳಿಯಲ್ಲಿ ನಿಂತವರು ಬಂದು ಕುಡಿಯಲಿ, ತಿನ್ನಲಿ ಎಂದು ಸುದ್ದಿ ಹಾಕುತ್ತಿದ್ದರು. ಗಾಯಕಿ ಐಯು ತಮ್ಮ ಅಭಿಮಾನಿಗಳಿಗಾಗಿ ಹೀಗೆ ತಿಂಡಿ, ಕಾಫಿಗೆ ಮುಂಗಡ ಕೊಟ್ಟರು. ಇಂಥ ಮುಂಗಡದ ಅಂಗಡಿಗಳು ಎಷ್ಟು ಹೆಚ್ಚಿದವೆಂದರೆ, ಎಲ್ಲಿ ಏನು ಸಿಗುತ್ತದೆಂದು ಒಂದೆಡೆ ತೋರಿಸುವ ಜಾಲತಾಣವನ್ನೂ ಕಟ್ಟಬೇಕಾಯಿತು. ಡಿಸೆಂಬರ್ 14ರಂದು 204 ಮತಗಳಿಂದ ಯೂನ್ ವಿರುದ್ಧದ ಮಹಾಭಿಯೋಗ ಅಂಗೀಕಾರವಾದಾಗ ಅದರ ನೇರಪ್ರಸಾರವನ್ನು ಸಂಸತ್ತಿನ ಹೊರಗೆ ನಿಂತೇ ಜನ ನೋಡಿದರು.