ದೂರಗುರಿ ಸ್ಪರ್ಧೆಯ ರೈಫಲ್ ತೋಟಾ: ಆಯ್ಕೆಯ ಇತಿಹಾಸ

ಸುಮಾರು 600ರಿಂದ 1,000 ಗಜ ದೂರದ ಗುರಿಹಲಗೆಗೆ ಹೊಡೆಯುವ ಸ್ಪರ್ಧೆಗಳಿಗಾಗಿ ಆರಿಸಿಕೊಳ್ಳುವ ತೋಟಾವನ್ನು ದೂರಗುರಿ ತೋಟಾ ಎನ್ನಬಹುದು. ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವಿಷ್ಟೂ ಸೇರಿದರೆ ಒಂದು ತೋಟಾ. ಮದ್ದು ಹೆಚ್ಚಿದಷ್ಟೂ ಗುಂಡು ದೂರಕ್ಕೆ ನೆಟ್ಟಗೆ ಹೋಗುತ್ತದೆ, ಆದ್ದರಿಂದ ದೊಡ್ಡ ತೋಟಾವೇ ದೂರಕ್ಕೆ ಮೇಲು ಎಂಬ ನಂಬಿಕೆ ಹಳೆಯದು. ಒಂದೂವರೆ ಶತಮಾನದ ಸ್ಪರ್ಧೆಗಳ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಗೆಲುವು ಹೆಚ್ಚಾಗಿ ಒಲಿದದ್ದು ಗಾಳಿಯಲ್ಲಿ ವೇಗವನ್ನು ಕಡಿಮೆ ಕಳೆದುಕೊಳ್ಳುವ ಗುಂಡಿಗೆ. ಕೋಶದ ಗಾತ್ರ ಆ ಗುಂಡಿಗೆ ತಕ್ಕಷ್ಟಿದ್ದರೆ ಸಾಕಾಗಿದೆ. ಅದಕ್ಕೂ ಮೀರಿ, ಯಾವ ತೋಟಾ ಚಾಲ್ತಿಗೆ ಬಂತು ಎಂಬುದನ್ನು ಹಲವು ಬಾರಿ ತೀರ್ಮಾನಿಸಿದ್ದು ಸ್ಪರ್ಧೆಯ ನಿಯಮ ಪುಸ್ತಕ.

ಗಾಳಿಯ ತಡೆ ಎಷ್ಟು ದೊಡ್ಡದೆಂದು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ಅವನು ಗುಂಡಿನ ವೇಗವನ್ನು ಲೆಕ್ಕ ಹಾಕಿದ. 1742ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ. ಈ ಅರಿವು ಬಂದೂಕಿನ ತಯಾರಿಕೆಯಲ್ಲಿ ಎದ್ದು ಕಂಡದ್ದು 1850ರ ದಶಕದಲ್ಲಿ, ಎಂಜಿನಿಯರ್ ಜೋಸೆಫ್ ವಿಟ್‌ವರ್ತ್‌ನ ಕೆಲಸದಲ್ಲಿ. ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ಬಂದೂಕಿನ ನಳಿಗೆ .577 ಅಂಗುಲದ್ದು, ಗುಂಡಿನ ತೂಕ 530 ಗ್ರೇನ್. ವಿಟ್‌ವರ್ತ್ ತೂಕವನ್ನು ಹೆಚ್ಚುಕಡಿಮೆ ಅಷ್ಟೇ ಉಳಿಸಿಕೊಂಡು ನಳಿಗೆಯನ್ನು .451 ಅಂಗುಲಕ್ಕೆ ಇಳಿಸಿದ. ಅದೇ ತೂಕದ ಸೀಸ ಸಣ್ಣ ನಳಿಗೆಯಲ್ಲಿ ಕೂರಬೇಕಾದರೆ ಗುಂಡು ಉದ್ದವಾಗಲೇಬೇಕು. ಉದ್ದನೆಯ ಗುಂಡು ಹಾರುವಾಗ ಪಲ್ಟಿ ಹೊಡೆಯದಿರಲು ಇನ್ನೂ ಜೋರಾಗಿ ತಿರುಗಬೇಕು. ಎನ್‌ಫೀಲ್ಡಿನ ನಳಿಗೆಯಲ್ಲಿ ಸುರುಳಿ ಗೀರು 78 ಅಂಗುಲಕ್ಕೆ ಒಂದು ಸುತ್ತು ಹಾಕುತ್ತಿದ್ದರೆ, ವಿಟ್‌ವರ್ತ್ ಅದನ್ನು 20 ಅಂಗುಲಕ್ಕೆ ಒಂದು ಸುತ್ತಾಗಿಸಿದ. 1857ರ ಪರೀಕ್ಷೆಗಳಲ್ಲಿ ದೂರ ಹೆಚ್ಚಿದಂತೆ ಅವನ ಬಂದೂಕು ಎನ್‌ಫೀಲ್ಡನ್ನು ಬಹಳ ಹಿಂದೆ ಹಾಕಿತು. 1860ರಲ್ಲಿ ವಿಂಬಲ್ಡನ್ ಬಯಲಿನಲ್ಲಿ ನಡೆದ ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು, ಆನಿಕೆಯ ಮೇಲಿಟ್ಟ ವಿಟ್‌ವರ್ತ್ ಬಂದೂಕಿನಿಂದ 400 ಗಜದ ಗುರಿಗೆ ಹೊಡೆದು. ದೂರಗುರಿಯ ಸೂತ್ರ ಅಷ್ಟರೊಳಗೆ ಸಿಕ್ಕಿಯಾಗಿತ್ತು: ಸಣ್ಣ ಅಡ್ಡಳತೆ, ಉದ್ದನೆಯ ಗುಂಡು, ಬಿಗಿಯಾದ ಸುರುಳಿ.

1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ ನಡೆದ ಪಂದ್ಯವನ್ನು ಲೋಹದ ತೋಟಾದ ಗೆಲುವೆಂದು ಹೇಳುವುದು ವಾಡಿಕೆ. ತಂಡಕ್ಕೆ ಆರು ಮಂದಿಯಂತೆ 800, 900, 1,000 ಗಜಗಳಲ್ಲಿ ತಲಾ ಹದಿನೈದು ಈಡು ಹೊಡೆದರು. ಐರಿಷರದು ಬಾಯಿಯಿಂದ ಮದ್ದುಗುಂಡು ತುಂಬುವ ರಿಗ್ಬಿ ಬಂದೂಕು. ಅಮೆರಿಕನ್ನರದು ಹಿಂದಿನಿಂದ ತೋಟಾ ಹಾಕುವ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಅಮೆರಿಕ 934 ಅಂಕ ಪಡೆದರೆ ಐರ್ಲೆಂಡ್ 931 ಪಡೆಯಿತು. ಐರಿಷ್ ತಂಡದ ಮಿಲ್ನರ್ ಒಂದು ಈಡನ್ನು ತಪ್ಪಿ ಬೇರೊಂದು ಗುರಿಹಲಗೆಯ ನಡುಮಧ್ಯಕ್ಕೆ ಹೊಡೆದಿದ್ದ. ಅದು ತನ್ನ ಹಲಗೆಗೇ ಬಿದ್ದಿದ್ದರೆ ಫಲಿತಾಂಶ ತಿರುಗಿಬಿಡುತ್ತಿತ್ತು. ಹಾಗಾಗಿ ತೋಟಾದ ಗೆಲುವೆಂಬ ಮಾತಿಗೆ ಈ ಪಂದ್ಯದಲ್ಲಿ ಗಟ್ಟಿ ಆಧಾರವಿಲ್ಲ. ತುಂಬುವ ವಿಧಾನ ಪೂರ್ತಿ ಬೇರೆಯಾಗಿದ್ದರೂ ಎರಡೂ ಕಡೆಯವರು ಹಾರಿಸಿದ್ದು ಹೆಚ್ಚುಕಡಿಮೆ ಒಂದೇ ಮಾದರಿಯ, ಉದ್ದನೆಯ ಭಾರದ ಸೀಸದ ಗುಂಡು. ಅಂಕಗಳು ಇಷ್ಟು ಹತ್ತಿರ ಬಂದುದಕ್ಕೆ ಇದಕ್ಕಿಂತ ಸಹಜವಾದ ವಿವರಣೆ ಇಲ್ಲ. ಹಿಂದಿನಿಂದ ತುಂಬುವ ಬಂದೂಕು ಆಮೇಲೆ ಗೆದ್ದು ನಿಂತದ್ದು ನಿಜ. ಆದರೆ ಅದು ಕೊಟ್ಟದ್ದು ಮುಖ್ಯವಾಗಿ ಅನುಕೂಲ ಮತ್ತು ಏಕರೂಪತೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ಕಂಡುಹಿಡಿದ ಮೇಲೆ ವೇಗ ಒಮ್ಮೆಲೇ ಏರಿತು. ವೇಗವೇ ಸರ್ವಸ್ವ ಎಂಬ ನಂಬಿಕೆಗೂ ಬಲ ಬಂತು. ಅದಕ್ಕೆ ತಕ್ಕ ಪಾಠ ಸಿಕ್ಕಿದ್ದು ಅಮೆರಿಕದ .30-06 ತೋಟಾದಿಂದ. 1906ರಲ್ಲಿ ಬಂದ ಅದರ ಮೊದಲ ಗುಂಡು 150 ಗ್ರೇನಿನದು. ಮೂತಿ ಚೂಪು, ಬುಡ ಚಪ್ಪಟೆ, ನಳಿಗೆ ಬಿಡುವಾಗ ಸೆಕೆಂಡಿಗೆ 2,700 ಅಡಿ ವೇಗ. ಸೇನೆಯ ಲೆಕ್ಕದಲ್ಲಿ ಅದು 4,700 ಗಜ ಹೋಗಬೇಕಿತ್ತು; ನಿಜವಾಗಿ ಹೋಗುತ್ತಿದ್ದುದು ಸುಮಾರು 3,400 ಗಜ ಎಂಬುದು ಮೊದಲ ಮಹಾಯುದ್ಧದ ಅನುಭವದ ನಂತರ ಸ್ಪಷ್ಟವಾಯಿತು. 1920ರ ದಶಕದಲ್ಲಿ ಅದೇ ಕೋಶಕ್ಕೆ ದೋಣಿಯ ಹಿಂಭಾಗದಂತೆ ಬುಡ ಸಪೂರವಾದ, 174 ಗ್ರೇನಿನ ಗುಂಡನ್ನು ಕೂರಿಸಿದರು. ನಳಿಗೆ ಬಿಡುವ ವೇಗ ತುಸು ಇಳಿಯಿತು, ಗರಿಷ್ಠ ದೂರ ಮಾತ್ರ ಸುಮಾರು 5,500 ಗಜಕ್ಕೆ ಏರಿತು. ಕೋಶ ಬದಲಾಗಲಿಲ್ಲ, ವೇಗ ಹೆಚ್ಚಲಿಲ್ಲ. ಬದಲಾದದ್ದು ಗುಂಡಿನ ಆಕಾರ ಮತ್ತು ತೂಕ.

ಗುರಿಹಲಗೆಯ ಮೇಲೆ ಇದರ ಪರಿಣಾಮ ಏನೆಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಬೀಳುವಿಕೆ ದೊಡ್ಡ ತೊಂದರೆಯಲ್ಲ. ದೂರ ಗೊತ್ತಿದ್ದರೆ ದುರ್ಬೀನನ್ನು ಅಷ್ಟು ತಿರುವಿಕೊಂಡರೆ ಮುಗಿಯಿತು. ಊಹಿಸಲಾಗದ್ದು ಅಡ್ಡಗಾಳಿ. ನಿರ್ವಾತದಲ್ಲಿ ಬೇಕಾಗುತ್ತಿದ್ದ ಸಮಯಕ್ಕಿಂತ ಗುಂಡು ಎಷ್ಟು ತಡವಾಗಿ ಗುರಿ ಮುಟ್ಟುತ್ತದೋ, ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿದ ಅಂತರ ಸಿಗುತ್ತದೆ. 1,000 ಗಜಕ್ಕೆ ಒಂದು ಸೆಕೆಂಡ್ ಸಾಕಾಗಬೇಕಿದ್ದ ಗುಂಡು ಗಾಳಿಯ ತಡೆಯಿಂದ ಒಂದೂವರೆ ಸೆಕೆಂಡ್ ತೆಗೆದುಕೊಂಡಿತೆನ್ನಿ. ಗಂಟೆಗೆ 10 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್ ಅಡ್ಡಗಾಳಿ ಇದ್ದರೆ ಗುಂಡು ಎರಡು ಮೀಟರಿಗಿಂತ ಹೆಚ್ಚು ಸರಿಯುತ್ತದೆ. ಅಮೆರಿಕದ ಸ್ಪರ್ಧೆಗಳ 1,000 ಗಜದ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 20 ಅಂಗುಲ. ಗಾಳಿಯ ಅಂದಾಜು ಗಂಟೆಗೆ ಎರಡು ಮೈಲಿ ತಪ್ಪಿದರೆ ಈಡು ವೃತ್ತದ ಹೊರಗೆ. ಗೆಲ್ಲಿಸುವುದು ಗಾಳಿ ಓದುವ ಕಣ್ಣು, ತೋಟಾ ಅಲ್ಲ ಎಂದು ಅನುಭವಿಗಳು ಆಕ್ಷೇಪಿಸುತ್ತಾರೆ. ಮಾತು ಸರಿಯೇ. ಆದರೆ ಆ ತಡವನ್ನು ಅರ್ಧ ಸೆಕೆಂಡಿನಿಂದ ಕಾಲು ಸೆಕೆಂಡಿನತ್ತ ಇಳಿಸುವ ಗುಂಡು ಸಿಕ್ಕರೆ ಅದೇ ತಪ್ಪು ಅಂದಾಜಿಗೆ ತೆರುವ ದಂಡವೂ ಅಷ್ಟೇ ಇಳಿಯುತ್ತದೆ. ತೋಟಾ ಶೂಟರ್‌ನ ಜಾಣ್ಮೆಯನ್ನು ಹೆಚ್ಚಿಸುವುದಿಲ್ಲ, ಅವನ ತಪ್ಪಿನ ಬೆಲೆಯನ್ನು ತಗ್ಗಿಸುತ್ತದೆ.

ಇನ್ನೊಂದು ಆಕ್ಷೇಪ ಮ್ಯಾಗ್ನಮ್, ಅಂದರೆ ಹೆಚ್ಚು ಮದ್ದು ಹಿಡಿಯುವ ದೊಡ್ಡ ಕೋಶದ ತೋಟಾಗಳದು. 1935ರಲ್ಲಿ ಅಮೆರಿಕದ ಕ್ಯಾಂಪ್ ಪೆರಿಯಲ್ಲಿ ಬೆನ್ ಕಮ್‌ಫರ್ಟ್ 1,000 ಗಜದ ವಿಂಬಲ್ಡನ್ ಕಪ್ಪನ್ನು .300 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್ ತೋಟಾದಿಂದ ಗೆದ್ದರು. ಆ ಮೇಲೆ ಕೆಲವು ದಶಕಗಳ ಕಾಲ ದೊಡ್ಡ ಕೋಶಗಳದೇ ಮೇಲುಗೈ. .30 ಅಂಗುಲದ ಗುಂಡಿಗೇ ಕಟ್ಟುಬಿದ್ದಿದ್ದವರಿಗೆ ಹೆಚ್ಚು ಮದ್ದು ನಿಜಕ್ಕೂ ಲಾಭವೇ. ಆದರೆ ಬಂದೂಕಿನ ಒದೆತ ಜೋರಾದಷ್ಟೂ ದಿನವಿಡೀ ಒಂದೇ ಹದದಲ್ಲಿ ಹೊಡೆಯುವುದು ಕಷ್ಟ. ಬಿಸಿ ಅನಿಲ ನಳಿಗೆಯ ಗಂಟಲನ್ನು ಬೇಗ ತಿನ್ನುತ್ತದೆ. ಸಪೂರವಾದ ಉದ್ದನೆಯ 6.5 ಮತ್ತು 7 ಮಿ.ಮೀ. ಗುಂಡುಗಳು ಬಂದಾಗ ಆ ಲಾಭ ಕಡಿಮೆ ಮದ್ದಿನಲ್ಲೇ ಸಿಕ್ಕಿತು. ಕೆನಡಾದ ಜಾರ್ಜ್ ಫಾರ್ಕ್ವಾರ್‌ಸನ್ ಆರಂಭಿಸಿದ, ಅವರ ಹೆಸರಿನ ಮೊದಲಕ್ಷರವನ್ನೇ ಹೊತ್ತ ಎಫ್-ಕ್ಲಾಸ್ ಸ್ಪರ್ಧೆಯ ಮುಕ್ತ ವಿಭಾಗದಲ್ಲಿ ತೋಟಾದ ಆಯ್ಕೆಗೆ ಬಹುಮಟ್ಟಿಗೆ ಸ್ವಾತಂತ್ರ್ಯವಿದೆ. ಅಲ್ಲಿ ಹೆಚ್ಚು ಜನರ ಒಲವು ಗಳಿಸಿದ್ದು 1963ರಲ್ಲಿ ಬೇಟೆಗೆಂದು ಬಂದ .284 ವಿಂಚೆಸ್ಟರ್ ವಂಶದ ಮಧ್ಯಮ ಕೋಶ, ಅದರ ಬಾಯಲ್ಲಿ 180 ಗ್ರೇನಿನ 7 ಮಿ.ಮೀ. ಗುಂಡು. ಅತಿ ದೊಡ್ಡದನ್ನು ಆರಿಸಲು ಅಡ್ಡಿಯಿಲ್ಲದ ಕಡೆಯಲ್ಲೇ ಜನ ಅದನ್ನು ಬಿಟ್ಟರು.

ಹಾಗಾದರೆ .308 ವಿಂಚೆಸ್ಟರ್ ಇಂದಿಗೂ ಏಕೆ ಉಳಿದಿದೆ? ಅದು 1952ರಲ್ಲಿ ಬಂತು. ಅದರ ಸೇನಾ ರೂಪವಾದ 7.62 ಮಿ.ಮೀ. ತೋಟಾವನ್ನು ನೇಟೊ 1954ರಲ್ಲಿ ಒಪ್ಪಿತು. ಟಾರ್ಗೆಟ್ ರೈಫಲ್ ಪಂದ್ಯಗಳು ಸೇನೆಯ ತೋಟಾವನ್ನೇ ಅನುಸರಿಸಿ ಬೆಳೆದವು. ಅಂತರರಾಷ್ಟ್ರೀಯ ನಿಯಮ ಗುಂಡಿನ ತೂಕವನ್ನೂ 156 ಗ್ರೇನಿಗಿಂತ ಕೆಳಗೆ ಕಟ್ಟಿಹಾಕಿತು. ಇದು ನಿಯಮ ಮಾಡಿದ ಆಯ್ಕೆ. ನಿಯಮದ ಒಳಗೂ ನಡೆದದ್ದು ಗುಂಡಿನ ಹುಡುಕಾಟವೇ. 300 ಮೀಟರ್ ಸ್ಪರ್ಧೆಗೆಂದು ರೂಪುಗೊಂಡ ಸಿಯೆರಾ 168 ಗ್ರೇನ್ ಗುಂಡು 1,000 ಗಜ ತಲುಪುವ ಮೊದಲೇ ಶಬ್ದವೇಗಕ್ಕೆ ಇಳಿದು ಹೊಯ್ದಾಡುತ್ತಿತ್ತು, ಏಕೆಂದರೆ ಅದರ ಬಾಲದ ಇಳಿಜಾರು ತೀರ ಕಡಿದು. ಅದಕ್ಕಿಂತ ಹಗುರವಾದ, ನಿಯಮಕ್ಕೆ ಒಳಪಡುವ 155 ಗ್ರೇನ್ ಪಾಲ್ಮಾ (ಅಂತರರಾಷ್ಟ್ರೀಯ ದೂರಗುರಿ ಪಂದ್ಯದ) ಗುಂಡು ವೇಗವಾಗಿ ಹೊರಟು, ಗುರಿಯವರೆಗೂ ಶಬ್ದವೇಗದ ಮೇಲೆಯೇ ಉಳಿಯುವಂತೆ ರೂಪುಗೊಂಡಿತು. ಕಾನೂನು ತೋಟಾವನ್ನು ನಿರ್ಧರಿಸುವ ಉದಾಹರಣೆ ನಮ್ಮಲ್ಲೂ ಇದೆ. ಬ್ರಿಟಿಷ್ ಆಡಳಿತ ಸೇನೆಯ .303 ತೋಟಾವನ್ನು ನಾಗರಿಕರಿಗೆ ನಿರ್ಬಂಧಿಸಿದ್ದರಿಂದಲೇ ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್‌ಲಿಷರ್ ತೋಟಾ .315 ಎಂಬ ಹೆಸರಿನಲ್ಲಿ ಭಾರತದಲ್ಲಿ ನೆಲೆಯೂರಿತು.

2007ರಲ್ಲಿ ಹಾರ್ನಡಿ ಕಂಪನಿ ರೂಪಿಸಿದ 6.5 ಕ್ರೀಡ್‌ಮೂರ್ ಈ ಇತಿಹಾಸದ ಸಾರವನ್ನು ಒಂದೇ ವಿನ್ಯಾಸದಲ್ಲಿ ತೋರಿಸುತ್ತದೆ. ಅದಕ್ಕಿಂತ ಹತ್ತು ವರ್ಷ ಹಿಂದೆ ಬಂದ .260 ರೆಮಿಂಗ್ಟನ್ನಿನದೂ ಅದೇ ಅಡ್ಡಳತೆಯ ಗುಂಡು. ಆದರೆ ಅದರ ಕೋಶ ಉದ್ದವಾದ್ದರಿಂದ ಸಪೂರ ಗುಂಡನ್ನು ಕೋಶದೊಳಕ್ಕೆ ಆಳವಾಗಿ ತುರುಕದೆ ತೋಟಾ ಮ್ಯಾಗಜಿನ್ನಿಗೆ ಹಿಡಿಯುತ್ತಿರಲಿಲ್ಲ. ಹಾರ್ನಡಿಯವರು ಕೋಶವನ್ನೇ ಗಿಡ್ಡ ಮಾಡಿ ಗುಂಡಿಗೆ ಜಾಗ ಬಿಟ್ಟುಕೊಟ್ಟರು. ಜಾಹೀರಾತಿನ ಬಲದಿಂದ ಅದು ಗೆದ್ದಿತೆಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ಸ್ವೀಡನ್ನಿನ 6.5×55 ತೋಟಾ 1890ರ ದಶಕದಿಂದಲೇ ಅದೇ ಅಡ್ಡಳತೆಯ ಉದ್ದನೆಯ ಗುಂಡನ್ನು ಹಾರಿಸುತ್ತಿತ್ತು. ಆದರೆ ಈ ಟೀಕೆ ಮುಖ್ಯ ವಾದವನ್ನೇ ಗಟ್ಟಿಗೊಳಿಸುತ್ತದೆ: ಶತಮಾನ ಕಳೆದರೂ ಗುಂಡಿನ ಲೆಕ್ಕ ಬದಲಾಗಿಲ್ಲ, ಅದನ್ನು ಹಿಡಿದಿಡುವ ಕೋಶ ಬದಲಾಗಿದೆ. ಆದ್ದರಿಂದ ತೋಟಾ ಆರಿಸುವವರು ಮೊದಲು ತಮ್ಮ ಸ್ಪರ್ಧೆಯ ನಿಯಮ ನೋಡಬೇಕು, ಆ ಮೇಲೆ ದೂರ, ಬಳಿಕ ನಿಯಮಕ್ಕೆ ಒಳಪಟ್ಟ ಅತ್ಯುತ್ತಮ ಗುಂಡು ಮತ್ತು ಅದಕ್ಕೆ ಬೇಕಾದ ಸುರುಳಿ. ಕೋಶದ ಹೆಸರು ಬರಬೇಕಾದ್ದು ಕೊನೆಯಲ್ಲಿ. ಜಾಹೀರಾತುಗಳು ಅದನ್ನು ಮೊದಲು ಹೇಳುವುದು ಮಾರಾಟದ ಅನುಕೂಲಕ್ಕೆ.