ಹವಳದ ಲೋಕಕ್ಕೆ ಉಸಿರಿನ ದಾರಿ

ಲಕ್ಷದ್ವೀಪದ ಕಡಮತ್ ದ್ವೀಪದಲ್ಲಿ ಸ್ಕೂಬಾ ಕಲಿಯುವವರ ಕೈಗೆ ಎರಡು ಸಾಧನಗಳು ಬರುತ್ತವೆ. ಒಂದು, ಬಾಯಲ್ಲಿ ಕಚ್ಚಿ ಹಿಡಿಯುವ ಸ್ನಾರ್ಕೆಲ್ ಎಂಬ ಗಿಡ್ಡ ಕೊಳವೆ. ಇನ್ನೊಂದು, ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್. ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲಾಗಿ ತೇಲಿದರೆ ಸಾಕು, ಕೆಲವೇ ಅಡಿಗಳ ಕೆಳಗೆ ಹವಳದ ದಿಬ್ಬ ಕಾಣುತ್ತದೆ. ಆದರೆ ದಿಬ್ಬದ ಅಂಚು ದಾಟಿ ಕೆಳಗಿಳಿದು ಅಲ್ಲಿಯೇ ಉಳಿಯಬೇಕಾದರೆ ಸಿಲಿಂಡರ್ ಬೇಕು. ಈ ಎರಡು ಸಾಧನಗಳ ನಡುವೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಚರಿತ್ರೆ ಇದೆ.

ಕೊಳವೆಯನ್ನೇ ಉದ್ದ ಮಾಡಿದರಾಗದೇ ಎಂಬ ಪ್ರಶ್ನೆ ಸಹಜ. ಗ್ರೀಸಿನ ಅರಿಸ್ಟಾಟಲ್ ಆನೆಯ ಸೊಂಡಿಲನ್ನು ಮುಳುಗುಗಾರರ ಉಸಿರಾಟದ ಸಾಧನಕ್ಕೆ ಹೋಲಿಸಿದ್ದಾನೆ. ಎಂದರೆ ಆ ಯೋಚನೆ ಅಷ್ಟು ಹಳೆಯದು. ಆದರೆ ಒಂದೆರಡು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ನೀರಿನ ಒತ್ತಡ ಎದೆಯನ್ನು ಅದುಮುತ್ತದೆ. ಮೇಲಿನ ಗಾಳಿಯನ್ನು ಒಳಗೆಳೆದುಕೊಳ್ಳುವಷ್ಟು ಶಕ್ತಿ ಸ್ನಾಯುಗಳಿಗೆ ಇರುವುದಿಲ್ಲ. ಆದ್ದರಿಂದ ಸ್ನಾರ್ಕೆಲ್ ಇಂದಿಗೂ ಗಿಡ್ಡದಾಗಿಯೇ ಉಳಿದಿದೆ.

ಆಳಕ್ಕೆ ಇಳಿಯಬೇಕಾದವರಿಗೆ ಉಸಿರು ಕಟ್ಟುವುದೊಂದೇ ದಾರಿಯಾಗಿತ್ತು. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪು ತೆಗೆಯುವವರು ಕಲ್ಲಿನ ಭಾರದೊಂದಿಗೆ ಇಳಿದು, ಉಸಿರು ಮುಗಿಯುವುದರೊಳಗೆ ಮೇಲೆ ಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಆಗಸ್ಟಸ್ ಸೀಬೆ ಲೋಹದ ಶಿರಸ್ತ್ರಾಣವಿರುವ ಮುಳುಗು ಉಡುಪನ್ನು ರೂಪಿಸಿದ. ಅದಕ್ಕೆ ದೋಣಿಯಿಂದ ಪಂಪಿನ ಮೂಲಕ ಗಾಳಿ ಬರುತ್ತಿತ್ತು. ಅದನ್ನು ತೊಟ್ಟವನು ಸಮುದ್ರದ ತಳದಲ್ಲಿ ನಡೆಯಬಲ್ಲವನಾಗಿದ್ದನೇ ಹೊರತು, ಮೀನಿನಂತೆ ಈಜಬಲ್ಲವನಾಗಿರಲಿಲ್ಲ.

ಆ ಬಿಡುಗಡೆ ಒದಗಿದ್ದು ಎರಡನೆಯ ಮಹಾಯುದ್ಧದ ನಡುವೆ, ಜರ್ಮನ್ ವಶದಲ್ಲಿದ್ದ ಫ್ರಾನ್ಸಿನಲ್ಲಿ. ಪೆಟ್ರೋಲ್ ಅಭಾವದಿಂದ ಕಾರುಗಳನ್ನು ಅನಿಲದಿಂದ ಓಡಿಸಬೇಕಾದ ಕಾಲವದು. ಎಂಜಿನ್ನಿಗೆ ಬೇಕಾದಷ್ಟೇ ಅನಿಲ ಬಿಡುವ ಒಂದು ಕವಾಟವನ್ನು ಎಮಿಲ್ ಗನ್ಯಾನ್ ಎಂಬ ಎಂಜಿನಿಯರ್ ಸಿದ್ಧಪಡಿಸಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಜೊತೆ ಸೇರಿ 1943ರಲ್ಲಿ ಅದನ್ನೇ ಉಸಿರಾಟಕ್ಕೆ ಹೊಂದಿಸಿದ. ಈಜುಗಾರ ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಬರುವಂತೆ ಮಾಡಿದ್ದೇ ಅದರ ಗುಟ್ಟು. ಇಂದಿನ ಸ್ಕೂಬಾ ಬೆಳೆದು ಬಂದದ್ದು ಅದರಿಂದಲೇ. ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂಬ ನಂಬಿಕೆ ಸಾಮಾನ್ಯ. ಕಲಿಯುವವರಿಗೆ ಕೊಡುವುದು ಒತ್ತಿ ತುಂಬಿದ ಸಾಧಾರಣ ಗಾಳಿ.

ಇದರಿಂದಾಗಿ ಹಳೆಯ ಪಾಠ ತಲೆಕೆಳಗಾಯಿತು. ಮುತ್ತಿನವರು ಉಸಿರು ಹಿಡಿಯಲು ಕಲಿತರೆ, ಸ್ಕೂಬಾ ಕಲಿಯುವವರಿಗೆ ಉಸಿರು ಹಿಡಿಯಲೇಬಾರದೆಂಬುದು ಮೊದಲ ನಿಯಮ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಇಮ್ಮಡಿ. ಅಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಆಳದಿಂದ ನಿಧಾನವಾಗಿ, ಹಂತ ಹಂತವಾಗಿ ಏರಬೇಕೆಂಬ ಲೆಕ್ಕವನ್ನು ಬ್ರಿಟನ್ನಿನ ಜಾನ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲೇ ಪ್ರಕಟಿಸಿದ್ದ.

ಹವಳದ ವಿಜ್ಞಾನ ಮಾತ್ರ ಮುಳುಗುಗಾರರಿಗಾಗಿ ಕಾದಿರಲಿಲ್ಲ. 1836ರಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳನ್ನು ಕಂಡ ಚಾರ್ಲ್ಸ್ ಡಾರ್ವಿನ್, ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳ ಮೇಲೆ ಮೇಲೆ ಬೆಳೆದು ಉಂಗುರದಂಥ ದ್ವೀಪಗಳಾಗುತ್ತವೆ ಎಂದು ವಾದಿಸಿದ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್‌ನಲ್ಲಿ ಒಂದು ಕಿಲೋಮೀಟರಿಗಿಂತಲೂ ಆಳಕ್ಕೆ ಕೊರೆದಾಗ ಜ್ವಾಲಾಮುಖಿ ಶಿಲೆ ಸಿಕ್ಕಿ, ಅವನ ಮಾತು ನಿಜವಾಯಿತು.

ಜನಸಾಮಾನ್ಯರಿಗೆ ಈ ಲೋಕವನ್ನು ತೋರಿಸಿದ್ದು ಕುಸ್ತೊ ಅವರ ‘ದಿ ಸೈಲೆಂಟ್ ವರ್ಲ್ಡ್’ ಚಿತ್ರ. 1956ರಲ್ಲಿ ಅದಕ್ಕೆ ಕಾನ್ ಚಿತ್ರೋತ್ಸವದ ಉನ್ನತ ಪ್ರಶಸ್ತಿ ಬಂತು. ಅದೇ ಚಿತ್ರದಲ್ಲಿ, ಮೀನುಗಳನ್ನು ಎಣಿಸಲೆಂದು ಹವಳದ ದಿಬ್ಬವೊಂದರ ಬಳಿ ಡೈನಮೈಟ್ ಸಿಡಿಸುವ ದೃಶ್ಯವೂ ಇದೆ. ಕುಸ್ತೊ ಮುಂದೆ ಸಮುದ್ರ ಸಂರಕ್ಷಣೆಯ ದೊಡ್ಡ ದನಿಯಾದರೂ, ಸಮುದ್ರಕ್ಕೆ ಕೊನೆಯಿಲ್ಲ ಎಂದು ನಂಬಿದ್ದ ಕಾಲಕ್ಕೆ ಆ ದೃಶ್ಯ ಸಾಕ್ಷಿಯಾಗಿ ಉಳಿದಿದೆ.

ಕಡಮತ್ ಕನ್ನಡನಾಡಿಗೆ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿದ್ದವು. 1799ರ ನಂತರ ಬ್ರಿಟಿಷರ ಕೈಸೇರಿ, ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಒಳಪಟ್ಟವು. ದ್ವೀಪದವರು ತೆಂಗಿನ ನಾರು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಈ ಆಡಳಿತದ ನಂಟು ಕಳಚಿದ್ದು 1956ರ ನವೆಂಬರ್ 1ರಂದು. ನಮ್ಮದೇ ಕರಾವಳಿಯಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಂಡೆಗಳ ಮೇಲೂ ಹವಳವಿದೆ. ಅಲ್ಲಿಗೂ ಸ್ಕೂಬಾ ಕಲಿಯುವವರು ಹೋಗುತ್ತಾರೆ.

ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳವನ್ನು ಸಾಕುವುದೂ ಬಣ್ಣ ಕೊಡುವುದೂ ಈ ಪಾಚಿಯೇ. ಅದಕ್ಕೆ ಬೆಳಕು ಬೇಕಾದ್ದರಿಂದಲೇ ದಿಬ್ಬಗಳು ತೇಲುವವನ ಕಣ್ಣಿಗೆ ಸಿಗುವಷ್ಟು ಮೇಲೆ ಇವೆ. ಸಮುದ್ರ ಅತಿಯಾಗಿ ಕಾದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಾವು ಬೇಗ ಇಳಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪ ಇದನ್ನು ಕಂಡಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳ ಬಿಳಿಚುತ್ತಿದೆ ಎಂದು ಪ್ರಕಟಿಸಿದರು.

ಈ ದ್ವೀಪಗಳಿಗೆ ಹವಳ ಬರೀ ನೋಟವಲ್ಲ. ಅವುಗಳ ನೆಲ ಹವಳದ್ದು, ಅಲೆಯ ಹೊಡೆತ ತಡೆಯುವ ಗೋಡೆಯೂ ಹವಳದ್ದೇ. ಅದಕ್ಕಾಗಿಯೇ ಕಲಿಯುವವರಿಗೆ ಇಂದು ಉಸಿರಿನ ಪಾಠದೊಂದಿಗೆ ಇನ್ನೊಂದನ್ನೂ ಹೇಳಿಕೊಡುತ್ತಾರೆ: ಹವಳವನ್ನು ಮುಟ್ಟಬಾರದು, ಅದರ ಮೇಲೆ ಕಾಲೂರಬಾರದು. ನೀರನ್ನು ಕಾಯಿಸುತ್ತಿರುವ ದಡದ ಜನರಿಗೆ ಇಂಥದೊಂದು ಪಾಠ ಹೇಳುವ ಕೆಲಸ ಇನ್ನೂ ಬಾಕಿ ಇದೆ.