ಬಂದೂಕಿನ ಮೇಲಿನ ಸಂಖ್ಯೆಯಲ್ಲೂ ರಾಜಕೀಯವಿದೆ: ಲಿವರ್ ರೈಫಲ್‌ಗಳ ಕತೆ

ಹುಲಸೂರ, ಬಸವಕಲ್ಯಾಣದ ಕಡೆ ಬಂದೂಕಿನ ಮಾತು ಬಂದರೆ ಮೊದಲು ನೆನಪಾಗುವುದು ಬೇಟೆಯಲ್ಲ, 1948. ಗೋರ್ಟಾದ ಹತ್ಯಾಕಾಂಡ, ರಜಾಕಾರರು, ಸೆಪ್ಟೆಂಬರ್‌ನ ಪೊಲೀಸ್ ಆಕ್ಷನ್. ಬಂದೂಕು ಯಾರ ಕೈಯಲ್ಲಿರಬೇಕು ಅನ್ನೋದನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಸಿಗುವ ಉತ್ತರದ ಒಂದು ಭಾಗ ಬಂದೂಕಿನ ಮೇಲೆಯೇ ಸಂಖ್ಯೆಯಾಗಿ ಕೂತಿರುತ್ತದೆ. ಅದನ್ನು ಓದುವುದಕ್ಕೆ ಹಳೆಯ ಲಿವರ್ ರೈಫಲ್‌ಗಳು ಒಳ್ಳೆಯ ಪಾಠ.

ಲಿವರ್ ರೈಫಲ್ ಅಂದ್ರೇನು?

ಕುದುರೆಯ ಸುತ್ತ ಇರುವ ಲೋಹದ ಹಿಡಿಯನ್ನು ಕೆಳಗೆ ತಳ್ಳಿ ಮೇಲೆಳೆದರೆ ಸುಟ್ಟ ತೋಟಾ ಹೊರಬಿದ್ದು ಹೊಸದು ಒಳಗೆ ಬರುತ್ತದೆ. ಅಮೆರಿಕದಲ್ಲಿ 1860ರ ಹೆನ್ರಿ ರೈಫಲ್ ಇದನ್ನು ಯಶಸ್ವಿಯಾಗಿ ಮಾಡಿತು: .44 ತೋಟಾ, ಕೊಳವೆಯಲ್ಲಿ 16. ತಯಾರಾದದ್ದು ಸುಮಾರು 14,000 ಮಾತ್ರ. ಅದರ ವಾರಸುದಾರ ವಿಂಚೆಸ್ಟರ್ 1873. ಇದರ ಸಂಖ್ಯೆ 7 ಲಕ್ಷ ದಾಟಿತು. ವಿಂಚೆಸ್ಟರ್ 1894 ಅಂತೂ 2006ರವರೆಗೆ 70 ಲಕ್ಷಕ್ಕೂ ಹೆಚ್ಚು.

ಸಂಖ್ಯೆ ಓದುವುದು ಹೇಗೆ?

.44-40 ಅಂದ್ರೆ ಸುಮಾರು 0.44 ಇಂಚಿನ ಗುಂಡು, 40 ಗ್ರೇನ್ (2.6 ಗ್ರಾಂ) ಕರಿಮದ್ದು. 1895ರಲ್ಲಿ ಬಂದ .30-30ರಲ್ಲಿ ಮದ್ದು ಹೊಗೆರಹಿತ. ಗುಂಡು ಸಣ್ಣದಾಯಿತು, ವೇಗ ಹೆಚ್ಚಿತು. ಆದರೆ ಸಂಖ್ಯೆ ನೋಡಿ ಮೋಸ ಹೋಗಬಾರದು. ಸ್ಯಾವೇಜ್ ಕಂಪನಿಯ .303 ಮತ್ತು ಬ್ರಿಟಿಷ್ ಸೇನೆಯ .303 ಬೇರೆ ಬೇರೆ ತೋಟಾಗಳು. ಒಂದರದ್ದು ಇನ್ನೊಂದಕ್ಕೆ ಆಗದು.

1876ರ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಲಕೋಟಾ, ಷೆಯೆನ್ ಯೋಧರಲ್ಲಿ ಹಲವರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್‌ಗಳಿದ್ದವು. ಕಸ್ಟರ್‌ನ ಸೈನಿಕರದ್ದು ಒಂದೇ ಗುಂಡಿನ ಕಾರ್ಬೈನ್. ಆಳುವವರಿಗಿಂತ ಆಳಿಸಿಕೊಳ್ಳುವವರ ಬಂದೂಕು ಚುರುಕಾಗಿದ್ದರೆ ಏನಾಗುತ್ತದೆ ಅನ್ನೋದು ಅಲ್ಲಿ ಕಂಡಿತು.

ಭಾರತದಲ್ಲಿ ಲಿವರ್

ಬ್ರಿಟಿಷರು ಇಲ್ಲಿ ಆ ಅವಕಾಶ ಕೊಡಲಿಲ್ಲ. 1871ರಲ್ಲಿ ಅವರ ಸೇನೆ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿಗೂ ಕೆಳಗೆ ಲಿವರ್ ಇತ್ತು, ಆದರೆ ಪ್ರತಿ ಸಲವೂ ಕೈಯಿಂದಲೇ ತೋಟಾ ತುಂಬಬೇಕು. ಅದರ ಅಳತೆ .577/450: .577ರ ತೋಟಾದ ಕತ್ತು ಕಿರಿದು ಮಾಡಿ .450 ಗುಂಡು ಕೂರಿಸಿದ್ದು. 1857ರ ನಂತರ ಭಾರತೀಯ ಸಿಪಾಯಿಗೆ ಸಾಮಾನ್ಯವಾಗಿ ಗೋರಾ ಸೈನಿಕನಿಗಿಂತ ಒಂದು ತಲೆಮಾರು ಹಿಂದಿನ ಬಂದೂಕೇ ಸಿಗುತ್ತಿತ್ತು. 1878ರ ಶಸ್ತ್ರ ಕಾಯ್ದೆ ಜನಸಾಮಾನ್ಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು.

ಹಳೆಯ ಮಾರ್ಟಿನಿಗಳು ಬಂಡುಕೋರರ ಕೈ ಸೇರಿದಾಗ ಮದ್ದುಗುಂಡು ಸಿಗಬಾರದೆಂದು 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲ್‌ಗಳ ಆಮದನ್ನೇ ನಿಲ್ಲಿಸಿದರು. ಇಂಗ್ಲೆಂಡಿನ ತಯಾರಕರು ಸುಮ್ಮನಿರಲಿಲ್ಲ. ಸಾಹೇಬರ, ಮಹಾರಾಜರ ಹುಲಿಬೇಟೆಗೆಂದು .465, .470, .475 ತಂದರು. ಕೆಲವೇ ನೂರನೇ ಇಂಚುಗಳ ವ್ಯತ್ಯಾಸ. ಒಂದು ಅಪರಾಧ, ಇನ್ನೊಂದು ಶಿಕಾರಿ.

ಅದೇ ತರ್ಕ, ಇವತ್ತಿಗೂ

1959ರ ಶಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲೂ ಸೇನೆಯ .303 ಜನಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಸರ್ಕಾರಿ ಕಾರ್ಖಾನೆಯಲ್ಲಿ ನಾಗರಿಕರಿಗೆಂದು ತಯಾರಾದ ರೈಫಲ್‌ನ ಅಳತೆ .315. ಗುಂಡು .303ಕ್ಕಿಂತ ಸಣ್ಣದೇನಲ್ಲ, ಸೇನೆಯ ತೋಟಾ ಅದಕ್ಕೆ ಹೊಂದುವುದಿಲ್ಲ, ಅಷ್ಟೇ. ನಿಯಮ ಅಳೆಯುತ್ತಿರುವುದು ಬರೀ ಅಪಾಯವನ್ನಲ್ಲ, ಪ್ರಭುತ್ವದ ಭಯವನ್ನೂ.

ಇನ್ನೊಂದು ತುದಿಯಲ್ಲಿ ಕೊಡಗಿದೆ. 1861ರಲ್ಲಿ ಕೊಡವರಿಗೆ ಸಿಕ್ಕ ವಿನಾಯಿತಿ ಇಂದಿಗೂ ಉಳಿದಿದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಇದು ಪರಂಪರೆಯ ಗೌರವವೂ ಹೌದು, 1857ರ ಬಳಿಕ ಬ್ರಿಟಿಷರು ಯಾರನ್ನು ನಂಬಿದರು ಅನ್ನೋದರ ದಾಖಲೆಯೂ ಹೌದು.

ಎಲ್ಲರಿಗೂ ಬಂದೂಕು ಕೊಡಿ ಅನ್ನೋದು ಈ ಕತೆಯ ನೀತಿಯಲ್ಲ. ಗೋರ್ಟಾದ ನೆಲದಲ್ಲಿ ನಿಂತು ಯಾರೂ ಹಾಗೆ ಹೇಳಲಾರರು. ಆದರೆ ಬಂದೂಕಿನ ನಿಯಮ ಓದುವಾಗ ಎರಡು ಪ್ರಶ್ನೆ ಕೇಳಲೇಬೇಕು: ಇದು ಯಾರನ್ನು ಕಾಯಲು ಹುಟ್ಟಿತು? ಯಾರಿಗೆ ಹೆದರಿ ಹುಟ್ಟಿತು?